ಮುಂದಿನ ಸಾಲಿನಲ್ಲಿ ಎರಡು ದಿಂಬು

ಅಲ್ತಾರೆಸ್, ತೆರ್ಸೇರಾ ದ್ವೀಪ
ಜನವರಿ ೭, ಮೂರು ರಾಯರ ಹಬ್ಬದ ಮರುದಿನ

ಟೊರಾಂಟೊ ನಗರವನ್ನು ತನ್ನ ಪಾದಧೂಳಿಯಿಂದ ಪಾವನ ಮಾಡುತ್ತಿರುವ ನಮ್ಮೂರ ಮಹಾಕವಿ, ನನ್ನ ಕಂಪಾದ್ರೆ ಅಮಾನ್ಸಿಯುವಿಗೆ,

ಬೆಲ್ಮೀರುವಿನ ಬಿಗಿಯಾದ ಅಪ್ಪುಗೆ! ನಿನ್ನ ಮಗಳು ಫ್ರಾನ್ಸೀನಳಿಗೆ, ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದ ಈ ಧರ್ಮತಂದೆಯ ಆಶೀರ್ವಾದ; ಆ ನಂಟಿನಿಂದಲೇ ಅಲ್ಲವೇ ನಾವಿಬ್ಬರೂ ಕಂಪಾದ್ರೆಗಳು! ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಕ್ರಿಸ್‌ಮಸ್ಸಿಗೆ ಮೊದಲೇ ಬಂದಿತ್ತು. ನೀನು ಫೋನ್ ಮಾಡಿದ್ದೂ ಗೊತ್ತು. ಅದು ಅಡುಗೆಮನೆಯಲ್ಲಿ ಬಡಿದುಕೊಳ್ಳುತ್ತಿದ್ದಾಗ ನಾನು ಎದುರಿಗೇ ಕೂತಿದ್ದೆ. ದೆಯೊಲಿಂದಾ ಎತ್ತಿ, "ಅವರು ಮನೇಲಿಲ್ಲ ಅಣ್ಣಾ, ಹಸು ನೋಡೋಕೆ ಹೋಗಿದಾರೆ" ಎಂದು ಸುಳ್ಳು ಹೇಳಿದಳು. ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಇನ್ನೂ ಎಷ್ಟು ದಿನ ನಿಮ್ಮ ಕೈಲಿ ಹಸು ಕಾಯಿಸಲಿ?" ಎಂದಳು. ನನ್ನ ಹೆಂಡತಿಯಾದರೂ ನಿನ್ನ ತಂಗಿ ಅವಳು, ನಿನಗೆ ಸುಳ್ಳು ಹೇಳುವುದು ಅವಳಿಗೆ ಸೇರದು. ಇರಲಿ. ಕಾಗದವೇ ಲೇಸು. ಕಾಗದದಲ್ಲಿ ನಾನು ಇವತ್ತಿಗೂ ಗುಡುಗಬಲ್ಲೆ!

ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ರಜೆಗೆ ಬೇಸಿಗೆಯಲ್ಲಿ ಬರಲೋ, ಕಾರ್ನಿವಲ್‌ಗೆ ಬರಲೋ? ಎಲ್ಲಿ ಉಳಿಯಲಿ, ಏನು ತರಲಿ? ಕೊನೆಗೆ, ನಾಚಿಕೊಂಡವನ ಹಾಗೆ ಮೂಲೆಯಲ್ಲಿ ಬರೆದಿದ್ದೀಯ: "ನಾನು ಬರೆದ ಕಾರ್ನಿವಲ್ ಆಟ ನಮ್ಮೂರ ಭವನದಲ್ಲಿ ರಂಗ ಏರುವಾಗ ನನ್ನ ಪಕ್ಕ ಕೂರ್ತೀಯಾ?" ಆ ಪ್ರಶ್ನೆ ಕೊನೆಗಿರಲಿ.

ಬೇಸಿಗೆ ಬೇಡ. ಬೇಸಿಗೆಯಲ್ಲಿ ಬೇಲಿಯುದ್ದಕ್ಕೂ ನೀಲಿ ಹೂ, ಕಡಲ ಕೊಳಗಳಲ್ಲಿ ಬಿಳಿ ಹೊಟ್ಟೆಗಳು, ಹಗ್ಗ ಕಟ್ಟಿದ ಗೂಳಿಯ ಮುಂದೆ ವೀರರಾಗಲು ಹೋಗಿ ಅಂಡಿಗೆ ತಿವಿಸಿಕೊಳ್ಳುವ ಕೆನಡಾದಿಂದ ಬಂದ ಚಿನ್ನದ ಸರದವರು. ಅದು ಪ್ರವಾಸಿಗಳ ಕಾಲ. ಕವಿ ಬರಬೇಕಾದದ್ದು ಕಾರ್ನಿವಲ್‌ಗೆ!

ಶನಿವಾರ ಆಟ ಶುರುವಾಗುತ್ತದೆಂದು ಶುಕ್ರವಾರ ಇಳಿಯುವ ವಿಮಾನ ಹಿಡಿಯಬೇಡ. ಲಾಜೆಸ್ ನಿಲ್ದಾಣದ ಮೇಲೆ ಗಾಳಿ ಎದ್ದರೆ ವಿಮಾನ ಸುತ್ತು ಹೊಡೆದು ಬೇರೆ ದ್ವೀಪಕ್ಕೆ ಹೋಗಿ ಕೂರುತ್ತದೆ. ಕೆಳಗೆ ನಿನ್ನ ಊರು ನಗುತ್ತಿರುತ್ತದೆ, ಮೇಲೆ ನೀನು ಕಡಲೆಬೀಜ ತಿನ್ನುತ್ತಿರುತ್ತೀಯ. ವಾರ ಮೊದಲೇ ಬಾ. ಬಾಡಿಗೆ ಕಾರನ್ನು ಇವತ್ತೇ ಹೇಳಿಡು, ಚಿಕ್ಕದನ್ನು. ಅಂಗ್ರಾ ಪಟ್ಟಣದ ಬೀದಿಗಳು ನೀನು ಹೋಗುವಾಗ ಎಷ್ಟಗಲ ಇದ್ದವೋ ಅಷ್ಟೇ ಇವೆ, ಅಗಲವಾದದ್ದು ನೀನು. ಕೊಡೆ ತರಬೇಡ, ಗಾಳಿ ಅದನ್ನು ಕಡಲಿಗೆ ಕೊಡುತ್ತದೆ. ಟೊಪ್ಪಿಯಿರುವ ಮಳೆಯಂಗಿ ತಾ. ಉಣ್ಣೆಯ ಕಾಲುಚೀಲ ತಾ, ಗೋಡೆ ಇನ್ನೂ ಬೆವರುತ್ತದೆ.

ಹೋಟೆಲು ಯಾಕೆ? ನಮ್ಮನೆ ಇದೆ. ಅಡುಗೆಮನೆ ಮೇಲಿನ ಕೋಣೆ ನಿನ್ನದು. ಅದರ ಗೋಡೆಗೂ ಭವನದ ಗೋಡೆಗೂ ಮಧ್ಯೆ ಒಂದು ಬೆಕ್ಕು ಹೋಗುವಷ್ಟೇ ಜಾಗ. ತಾಲೀಮಿನ ಪ್ರತಿ ಸಾಲೂ ಕೇಳಿಸುತ್ತದೆ. ಆಟದ ಕಥೆ ಕಾರ್ನಿವಲ್ ತನಕ ಗುಟ್ಟಾಗಿರಬೇಕು ಎನ್ನುವುದು ನಮ್ಮ ದ್ವೀಪದ ಕಟ್ಟಳೆ. ಆದರೆ ಗೋಡೆಗೆ ಕಟ್ಟಳೆ ಗೊತ್ತಿಲ್ಲವಲ್ಲ! ನಿನ್ನ ಪದ ನನಗೆ ಬಾಯಿಪಾಠವಾಗಿದೆ.

*ಗುಡುಗಿನ ಗಂಟಲ ಮೇಷ್ಟ್ರಿಗೆ ಈಗ*
*ಹೆಂಡತಿ ಹಾಕಿದಳಂತೆ ಬೀಗ!*
*ಬೆಕ್ಕಿನ ಮರಿಗೂ ಮಿಯಾವ್ ಇದೆಯಯ್ಯ,*
*ಮೇಷ್ಟ್ರಿಗೆ ಉಳಿದದ್ದು ಬರಿ ಬಾಯಯ್ಯ!*

ಭಲೇ! ಎಂಥ ಪ್ರಾಸ! ಹೆಂಡತಿ ಮೇಷ್ಟ್ರ ದನಿಯನ್ನು ಹಂದಿಕೊಬ್ಬಿನ ಮಡಕೆಯಲ್ಲಿ ಬಚ್ಚಿಡುತ್ತಾಳೆ. ಮೇಷ್ಟ್ರು ಕತ್ತಿ ಹಿಡಿದು ಪಾದ್ರಿಯ ಮಂಚದಡಿ, ಹೆಂಡದ ಪೀಪಾಯಿಯೊಳಗೆ, ಕೊನೆಗೆ ಗೂಳಿಯ ಬಾಲದಡಿ ಹುಡುಕುತ್ತಾನೆ. ಆ ಮೇಷ್ಟ್ರು ನಾನೇ ಎಂದು ತೊಟ್ಟಿಲ ಕೂಸಿಗೂ ಗೊತ್ತಾಗುತ್ತದೆ. ಈ ಊರಲ್ಲಿ ಕಾರ್ನಿವಲ್‌ನ ಕತ್ತಿಯ ಕುಣಿತವನ್ನು ಹಾಡಿ ನಡೆಸಲು ಬೇರೆ ಮೇಷ್ಟ್ರು ಯಾರಿದ್ದರು? ನೀನು ಬರೆದೆ, ನಾನು ಗುಡುಗಿದೆ. ನಿನ್ನ ಕಾಗದಕ್ಕೆ ನನ್ನ ಗಂಟಲೇ ಬಾಯಿಯಾಗಿತ್ತು.

ಕಳೆದ ವಾರ ಗ್ವಾಲ್ಟೆರ್ ಮನೆಗೆ ಬಂದಿದ್ದ, ನಿನ್ನ ಆಟದಲ್ಲಿ ಮೇಷ್ಟ್ರ ಪಾತ್ರ ಅವನದೇ. ಟೋಪಿ ಹಿಂಡುತ್ತಾ ನಿಂತು, "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಪದಕ್ಕೆ ರಾಗ ಕೂಡ್ಸಿ ಆಯ್ತು, ಪಿಟೀಲಿನವರು ಕಲ್ತೂ ಆಯ್ತು. ಈಗ ಕಥೆ ಬದ್ಲಾಯ್ಸು ಅಂದ್ರೆ ಎಲ್ಲಿಗೆ ಹೋಗ್ಲಿ?" ಎಂದ.

"ಹಾಳಾಗಿ ಹೋಗು!" ಎಂದಳು ದೆಯೊಲಿಂದಾ, ಒಲೆಯ ಮುಂದಿನಿಂದಲೇ.

"ಅಕ್ಕಾ, ಕಾರ್ನಿವಲ್ ಅಂದ್ರೆ ಕಾರ್ನಿವಲ್. ಬೂದಿ ಬುಧವಾರದ ಹೊತ್ತಿಗೆ ಯಾರಿಗೆ ನೆನಪಿರುತ್ತೆ? ಅಳೋ ಮನೆ ಮುಂದೆ ಕೂಡ ಆಟ ನಿಲ್ಲಬಾರ್ದು ಅಂತ ನಮಗೆ ಕಲ್ಸಿದ್ದೇ ಮೇಷ್ಟ್ರು."

ನಿಜ, ನಾನೇ ಕಲಿಸಿದ್ದು. ಆಮೇಲೆ ಅವನು ಗೋಡೆಗೆ ತೂಗಿದ್ದ ನನ್ನ ಕುಣಿತದ ಕತ್ತಿಯ ಕಡೆ ನೋಡಿ ಹಲ್ಲುಗಿಂಜಿದ. "ಆ ಕತ್ತಿ ಒಂದಿದ್ದಿದ್ರೆ ವೇಷಕ್ಕೆ ಕಳೆ ಬರ್ತಿತ್ತು." ಇಳಿಸಿ ಕೊಟ್ಟೆ. ಕುಣಿತ ನಿಲ್ಲಿಸಲು ಊದುತ್ತಿದ್ದ ಸೀಟಿಯನ್ನೂ ಕೊಟ್ಟೆ. ಅವನು ಬಾಗಿಲಾಚೆ ಹೋಗಿ ಅದನ್ನು ಊದಿ ನೋಡಿದ. ದೆಯೊಲಿಂದಾ ಸೌಟು ಎಸೆದಳು.

ನಿನ್ನ ಆಟಕ್ಕೆ ಗ್ವಾಲ್ಟೆರ್ ಒಂದು ಅಲಂಕಾರ ಸೇರಿಸಿದ್ದಾನೆ: ಮೇಷ್ಟ್ರ ಕೊರಳಿಗೊಂದು ಕೆಂಪು ವಸ್ತ್ರ. ನಿನ್ನ ಪದದಲ್ಲಿ ಅದು ಇರಲಿಲ್ಲ. ಅವನು ಅದನ್ನು ಕಟ್ಟಿಕೊಂಡು ಬಂದ ದಿನ ತಾಲೀಮಿನಲ್ಲಿ ಎದ್ದ ನಗೆಗೆ ನಮ್ಮ ಕಪಾಟಿನ ಲೋಟಗಳು ಅಲುಗಿದವು.

ಫ್ರಾನ್ಸೀನಳನ್ನು ಖಂಡಿತ ಕರೆತಾ. ಅಪ್ಪ ಎಂಥ ಕವಿ ಎಂದು ಕಣ್ಣಾರೆ ನೋಡಲಿ.

ಭಾನುವಾರ ಮಣ್ಣಿನ ಗಡಿಗೆಯಲ್ಲಿ ಬೆಂದ ಗೋಮಾಂಸ ಇರುತ್ತದೆ, ಮಿತವಾಗಿ ತಿನ್ನು; ಭವನದಲ್ಲಿ ಎದ್ದುಹೋದವನ ಜಾಗ ಹೋದಂತೆಯೇ. ಆಟ ಹೊತ್ತು ಊರೂರು ಸುತ್ತುವ ಯಾವ ತಂಡದ ಬಸ್ಸು ಯಾವಾಗ ಬರುತ್ತದೋ ದೇವರಿಗೂ ತಿಳಿಯದು. ಅದಕ್ಕೇ ಮಧ್ಯಾಹ್ನವೇ ದಿಂಬು ಹಾಕಿ ಜಾಗ ಹಿಡಿಯಬೇಕು. ದೆಯೊಲಿಂದಾ ಎರಡು ದಿಂಬು ಹೊಲಿದಿದ್ದಾಳೆ. ಮುಂದಿನ ಸಾಲು, ನಟ್ಟನಡುವೆ. ಒಂದರ ಮೇಲೆ ನಿನ್ನ ಹೆಸರನ್ನು ದೊಡ್ಡಕ್ಷರದಲ್ಲಿ ಕಸೂತಿ ಹಾಕಿಸಿದ್ದೇನೆ.

ನಿನ್ನ ಕೊನೆಯ ಪ್ರಶ್ನೆಗೆ ಇದೇ ಉತ್ತರ. ಕೂರುತ್ತೇನೆ, ಕಂಪಾದ್ರೆ! ಪರದೆ ಎದ್ದಾಗಿನಿಂದ ಬೀಳುವ ತನಕ, ಭುಜಕ್ಕೆ ಭುಜ ತಾಗಿಸಿ ಕೂರುತ್ತೇನೆ. ಒಂದು ಸಾಲನ್ನೂ ತಿದ್ದಬೇಡ.

ಪವಿತ್ರಾತ್ಮ ನಿನ್ನನ್ನೂ ನಿನ್ನ ಲೇಖನಿಯನ್ನೂ ಕಾಯಲಿ. ಫ್ರಾನ್ಸೀನಳ ಹಣೆಗೆ ಮುತ್ತು.

ನಿನ್ನವನೇ,
ಬೆಲ್ಮೀರು

ತಾ.ಕ.: ಒಂದು ಸುದ್ದಿ ಬಿಟ್ಟುಹೋಯಿತು. ಹೋದ ಬೇಸಿಗೆಯಲ್ಲಿ ಲಿಸ್ಬನ್ನಿನ ವೈದ್ಯರು ನನ್ನ ಗಂಟಲು ಕೊಯ್ದು ದನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಹುಣ್ಣು ಕೆಟ್ಟದ್ದಾಗಿತ್ತು. ನಿನಗೆ ತಿಳಿಸಕೂಡದೆಂದು ದೆಯೊಲಿಂದಾಳಿಂದ ಆಣೆ ಹಾಕಿಸಿಕೊಂಡಿದ್ದೆ. ನಿನ್ನ ನೆನಪಿನಲ್ಲಾದರೂ ನನ್ನ ದನಿ ಇದ್ದ ಹಾಗೇ ಇರಲಿ ಎಂದು. "ಮೇಷ್ಟ್ರ ದನಿ ಹೋಯ್ತಂತೆ" ಎಂದು ಯಾರೋ ನಿನಗೆ ಹೇಳಿದರು, ಹೆಂಡತಿಗೆ ಹೆದರಿ ತೆಪ್ಪಗಾದೆನೆಂದು ನೀನು ತಿಳಿದೆ. ನಮ್ಮ ಜನವೇ ಹಾಗೆ, ಕಡಲು ದಾಟುವಷ್ಟರಲ್ಲಿ ಎಲ್ಲ ಸುದ್ದಿಗೂ ಪ್ರಾಸ ಹುಟ್ಟಿರುತ್ತದೆ. ಈಗ ಕೊರಳಲ್ಲೊಂದು ತೂತಿದೆ, ಉಸಿರೆಲ್ಲ ಅಲ್ಲಿಂದಲೇ. ಅದನ್ನು ಮರೆಮಾಡಲು ದೆಯೊಲಿಂದಾ ದಿನಾ ಬೆಳಿಗ್ಗೆ ಕೆಂಪು ವಸ್ತ್ರ ಕಟ್ಟುತ್ತಾಳೆ.

ನೀನು ಬಾರದಿದ್ದರೆ ದಿಂಬು ಖಾಲಿ ಇರುತ್ತದೆ. ಹೆಸರನ್ನು ಊರೆಲ್ಲ ಓದಿಕೊಳ್ಳುತ್ತದೆ. ಬಂದರೆ, ಭವನವೆಲ್ಲ ಬಿದ್ದುಬಿದ್ದು ನಗುವಾಗ ನನ್ನ ಕಡೆ ತಿರುಗು. ನಾನೂ ನಗುತ್ತಿರುತ್ತೇನೆ. ಸದ್ದು ಬರುವುದಿಲ್ಲ. ವಸ್ತ್ರ ಅಲುಗುತ್ತದೆ, ಅದನ್ನು ನೋಡು.