ಕೆಂಪು ಶಾಯಿಯ ಗೆರೆ

ತಡಸ, ತಾ. ಶಿಗ್ಗಾಂವಿ
೧೫-೨-೧೯೬೩

ಪ್ರೀತಿಯ ಅವ್ವನಿಗೆ ಮಗಳು ಹುಚ್ಚವ್ವನ ಶರಣಾರ್ಥಿಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ಹಾನಗಲ್ಲಿನ ಥಂಡಿಯಲ್ಲಿ ನಸುಕಿಗೇ ಎದ್ದು ಅಂಗಳ ಸಾರಿಸುತ್ತ ಕೂಡಬೇಡ, ಸೊಸೆಗೂ ಎರಡು ಕೈಗಳಿವೆ. ಅಪ್ಪನ ಕೆಮ್ಮು ಇಳಿದಿರಬೇಕು.

ಡಾಕ್ಟರಾಗುವವರು ರೋಗಿಯನ್ನಷ್ಟೇ ನೋಡಿದರೆ ಸಾಲದು, ಊರನ್ನೂ ನೋಡಬೇಕಂತೆ. ಸಾರ್ವಜನಿಕ ಆರೋಗ್ಯವೆಂದು ಈ ವರ್ಷ ನಮಗೆ ಅದೇ ಒಂದು ವಿಷಯ. ಆರು ಹುಡುಗಿಯರನ್ನು ತಡಸದ ಶಾಲೆಯಲ್ಲಿ ಇಳಿಸಿದ್ದಾರೆ. ಬಾವಿ ನೋಡುವುದು, ತಿಪ್ಪೆ ಎಣಿಸುವುದು, ಮೈಲಿಬೇನೆ ಬಾರದಂತೆ ಮಕ್ಕಳ ತೋಳಿಗೆ ದೇವಿ ಹಾಕುವುದು, ಹಳೆಯ ಸಾವುಗಳ ಪಟ್ಟಿ ಮಾಡುವುದು. ನಿನ್ನ ತವರು, ನಾನು ಹುಟ್ಟಿದ ಊರು ಎಂದು ಕುಣಿಯುತ್ತಲೇ ಬಂದೆ.

ಜನನ-ಮರಣದ ಪುಸ್ತಕ ಪೋಲೀಸ ಪಾಟೀಲ ಗುದ್ಲೆಪ್ಪನವರ ಮನೆಯಲ್ಲಿದೆ. ಒಂದನೇ ತಾರೀಖು ಅಲ್ಲಿ ಕೂತು ೧೯೪೨ರ ಹಾಳೆ ತಿರುವಿದೆ. 'ಹುಚ್ಚವ್ವ, ಕರಿಬಸಪ್ಪನ ಮಗಳು, ಆರು ತಿಂಗಳು, ಮೈಲಿಬೇನೆ.' ಅಯ್ಯ ಶಿವನೇ, ಇದು ನಾನೇ ಅಲ್ಲವೇ! ಅಣ್ಣನ ಬೆನ್ನಿಗೆ ಹುಟ್ಟಿದ ಇಬ್ಬರೂ ಹೆಣ್ಣುಮಕ್ಕಳು ಹೋದರೆಂದು, ಮೂರನೆಯ ಹೆಣ್ಣು ದೇವಿಗೆ ಬೇಡವಾಗಲೆಂದು ಈ ಹೆಸರಿಟ್ಟಿರಿ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ನನ್ನ ಪಾಡು ನಾಯಿಪಾಡು. ಅದು ಸಾಲದೆಂದು ಕೊಂದೂ ಬಿಟ್ಟಿರಾ?

"ಬರದಾಂವ ನಾನ, ತಂಗಿ," ಎಂದರು ಗುದ್ಲೆಪ್ಪನವರು. "ಊರಾಗ ಬ್ಯಾನಿ ಹೊಕ್ಕಿತ್ತು. ನಿಮ್ಮವ್ವನ ಹಡದವ್ವ, ನಿಮ್ಮ ಆಯಿ ಯಂಕವ್ವ, ಒಂದು ಗುಂಡಕಲ್ಲಿಗೆ ನಿನ್ನ ಕುಂಚಿಗಿ ಹೊಚ್ಚಿ ಮಣ್ಣು ಮಾಡಿದ್ಲು. ದೇವಿ ನಂಬಬೇಕಲ್ಲ, ಸತ್ತಾಳಂತ ಬರಿ ಅಂದ್ಲು. ಅದನ್ನ ಅಳಸಬ್ಯಾಡವಾ." ನನಗೆ ನಗು, ಸಿಟ್ಟು ಎರಡೂ ಬಂದವು. ಕೆಂಪು ಶಾಯಿಯಲ್ಲಿ ಗೆರೆ ಎಳೆದು 'ಬದುಕಿದ್ದಾಳೆ' ಎಂದು ಬರೆದೇ ಬಿಟ್ಟೆ. ಅದೇ ಸಂಜೆ ಹುಲಗೂರಿನಲ್ಲಿ ಹಾಜರಾಬಿ ಎಂಬಾಕೆಯ ಕೂಸನ್ನು, ಮೈತುಂಬ ಮೈಲಿ ಎದ್ದದ್ದನ್ನು, ಎತ್ತಿಕೊಂಡು ಕೂತಿದ್ದೆ. ನನ್ನ ತೋಳಿನಲ್ಲಿ ದೇವಿ ಹಾಕಿಸಿದ ಗುರುತಿದೆಯಲ್ಲ, ನನಗೇನು ಭಯ?

ಮರುದಿನ ಗುದ್ಲೆಪ್ಪನವರನ್ನು ಕರೆದುಕೊಂಡು ಆಯಿ ಕಲ್ಲು ಹೂಳಿದ ಬೇವಿನ ಮರದ ಬುಡ ನೋಡಲು ಹೋದೆ. ಕೂಸು ಮಲಗುವಷ್ಟು ಕುಣಿ, ಬಾಯಿ ತೆರೆದಿತ್ತು. ಮಣ್ಣು ಹಸಿ, ಕಲ್ಲು ಇಲ್ಲ. ನಾಯಿ ಕೆದರಿರಬೇಕು ಎಂದೆ. ಗುದ್ಲೆಪ್ಪನವರು ನನ್ನ ಮುಖ ನೋಡಲಿಲ್ಲ. ಆಮೇಲೆ ನಾನೂ ಆ ಕಡೆ ಹೋಗಿಲ್ಲ.

ಅಪ್ಪನಿಗೆ, ಅಣ್ಣ-ವೈನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ಹುಚ್ಚವ್ವ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಅವ್ವಾ, ಮೊನ್ನೆಯಿಂದ ಜ್ವರ, ಇವತ್ತು ಹಣೆಯ ಮೇಲೆ ಗುಳ್ಳೆಗಳು. ಕಾಲೇಜಿನಲ್ಲಿ ಎಲ್ಲರಿಗೂ ದೇವಿ ಹಾಕುವಾಗ ತೋಳು ತೋರಿಸಿ ತಪ್ಪಿಸಿಕೊಂಡವಳು ನಾನೇ. ಆ ಗುರುತು ನಿಜವಾಗಿ ದೇವಿ ಹಾಕಿಸಿದ್ದೋ, ಆಯಿ ಕಬ್ಬಿಣ ಕಾಯಿಸಿ ಇಟ್ಟ ಬರೆಯೋ? ಸತ್ತಿತೆಂದು ಬರೆಸಿದ ಕೂಸನ್ನು ದೇವಿ ಹಾಕುವ ಸರಕಾರದವರಿಗೆ ಹೇಗೆ ತೋರಿಸಿದಿರಿ? ಖರೆ ಹೇಳು. ನೀನು ಮಾತ್ರ ಬರಬೇಡ, ಈ ಕಾಗದ ಒಲೆಗೆ ಹಾಕು. ನನಗೆ ಹೆದರಿಕೆಯಾಗಿದೆ, ಅವ್ವಾ. ಆ ಸಾಲನ್ನು ಮೊದಲಿನಂತೆಯೇ ಬರೆಯಿರಿ ಎಂದು ಗುದ್ಲೆಪ್ಪನವರಿಗೆ ಈಗ ಹೇಳಿ ಕಳಿಸಿದೆ. ಅವರು ಪುಸ್ತಕ ತೆರೆದಿಟ್ಟುಕೊಂಡು ತಿರುಗಿ ಕೇಳಿ ಕಳಿಸಿದ್ದಾರೆ: "ಈ ಸಲ ಯಾವ ತಾರೀಖ ಹಾಕ್ಲಿ, ತಂಗಿ?"