ತಳಗೇರಿಯ ಬಾಗಿಲಿಗೆ ಒಗ್ಗಿದ ಬೋರ್ಡು

ತಳಗೇರಿ, ರಾಯಚೂರು ಸೀಮೆ
ಶಾಲಿವಾಹನ ಶಕೆ ೨೨೧೩, ಬಿಸಿಗಾಲಕ್ಕೆ ಮುನ್ನ

ಎಷ್ಟೋ ತಲೆಮಾರು ಹಿಂದಿರುವ ಹಿರಿಯರಿಗೆ ಹುಲಿಗೆಮ್ಮನ ಶರಣು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಬಿಸಿಗಾಲ ಅಂದರೆ ನೆಲದ ಮೇಲೆ ಮನುಷ್ಯರು ಉಳಿಯಲಾರದ ತಿಂಗಳುಗಳು. ಆಗ ನಾವು ಬಂಡೆಯೊಳಗೆ ಕೊರೆದ ತಳಗೇರಿಗೆ ಇಳಿದು ಉಕ್ಕಿನ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಅಲ್ಲೇ ರೊಟ್ಟಿ ಬಡಿಯುತ್ತೇವೆ, ಅಲ್ಲೇ ಹೆರುತ್ತೇವೆ, ದೊಡ್ಡ ಫ್ಯಾನು ಎಳೆದು ತರುವ ಗಾಳಿಯನ್ನು ಹಂಚಿಕೊಂಡು ಉಸಿರಾಡುತ್ತೇವೆ. ಬಾಗಿಲು, ಫ್ಯಾನು ಎರಡನ್ನೂ ನಡೆಸುವುದು ನಿಮ್ಮ ಕಾಲದ ಡೆಸ್ಕ್‌ಟಾಪ್ ಕಂಪ್ಯೂಟರುಗಳು. ಅವುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು.

ಕಳೆದ ಬಿಸಿಗಾಲ ಮುಗಿದು ಇನ್ನೇನು ಹೊರಗೆ ಹೋಗಬೇಕೆನ್ನುವಾಗ ಬಾಗಿಲ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಬಾಗಿಲು ಕೈಗೆ ಜಗ್ಗುವಂಥದ್ದಲ್ಲ. ಹೊರಗಿನಿಂದ ತೆರೆಯುವವರೂ ಇರಲಿಲ್ಲ. ಪ್ರೊಸೆಸರ್ ಚೆನ್ನಾಗಿತ್ತು. ಬಾಗಿಲ ಪ್ರೋಗ್ರಾಮ್ ಅದೊಂದರಲ್ಲೇ ಓಡುವಂತೆ ಹಿಂದಿನವರು ಬಿಗಿದಿಟ್ಟಿದ್ದರು. ಹಾಗಾಗಿ ಅದಕ್ಕೆ ಹೊಂದುವ ಬೋರ್ಡು ಹುಡುಕಲೇಬೇಕಾಯಿತು. ದಾಸ್ತಾನಿನಲ್ಲಿ ಹೊಸವು, ಬಲವಾದವು ಬೇಕಾದಷ್ಟಿದ್ದವು. ಅವುಗಳಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟೇ ಬೇರೆ. ಒಂದೇ ಒಂದರಲ್ಲಿ ನಮ್ಮದು ಸರಿಯಾಗಿ ಕೂತಿತು. ಖುಷಿಯಿಂದ ಕರೆಂಟು ಕೊಟ್ಟೆ. ಪರದೆ ಕಪ್ಪಗೇ ಉಳಿಯಿತು.

ಸಾಕೆಟ್ ಹೊಂದಿದರೆ ಸಾಲದು. ಬೋರ್ಡಿನೊಳಗಿನ ಬಯಾಸ್ ಎಂಬ ಮೊದಲ ಪ್ರೋಗ್ರಾಮಿಗೂ ಪ್ರೊಸೆಸರ್‌ನ ಗುರುತಿರಬೇಕು. ಇದರ ಬಯಾಸ್ ತೀರ ಹಳೆಯದು. ಹೊಸತು ನನ್ನ ಪೆನ್‌ಡ್ರೈವಿನಲ್ಲಿತ್ತು. ಆದರೆ ಅದನ್ನು ತುಂಬಲು ಬೋರ್ಡು ಮೊದಲು ಎಚ್ಚರಗೊಳ್ಳಬೇಕು. ಎಚ್ಚರಗೊಳ್ಳಲು ಅದಕ್ಕೆ ಗುರುತಿರುವ, ಇನ್ನೂ ಹಳೆಯ ಪ್ರೊಸೆಸರ್ ಬೇಕು. ಅಂಥದ್ದು ಇದ್ದದ್ದು ಫ್ಯಾನಿನ ಕಂಪ್ಯೂಟರಿನಲ್ಲಿ ಮಾತ್ರ.

ಅದನ್ನು ಕಿತ್ತರೆ ಗಾಳಿ ನಿಲ್ಲುತ್ತದೆ. ಕೇರಿಯವರೆಲ್ಲ ನನ್ನ ಅತ್ತೆ ದ್ಯಾಮವ್ವನ ಕಡೆ ನೋಡಿದರು. ಆಕೆಗೆ ಉಬ್ಬಸ.

“ನನ್ನ ಮಾರಿ ಏನ್ ನೋಡ್ತೀರಿ? ಬಾಗಲಾ ತೆರೀಲಿಲ್ಲಂದ್ರ ಎಲ್ಲಾರೂ ಇಲ್ಲೇ ಮಣ್ಣಾಗ್ತೀವಿ. ತೆಗಿಯವ್ವ ಅದನ್ನ,” ಅಂದಳು.

ತೆಗೆದೆ. ಫ್ಯಾನು ನಿಂತಮೇಲೆ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳತೊಡಗಿತು. ಬೋರ್ಡು ಎಚ್ಚರಗೊಂಡು ಹೊಸ ಬಯಾಸ್ ತುಂಬಿಕೊಳ್ಳತೊಡಗಿತು. ಅರ್ಧಕ್ಕೆ ತಡೆದರೆ ಬೋರ್ಡು ಸತ್ತಂತೆಯೇ. ಅಷ್ಟರಲ್ಲಿ ದ್ಯಾಮವ್ವ ಗೋಡೆಗೆ ಒರಗಿ ಕುಸಿದಳು. ನನ್ನ ಗಂಡ ಗವಿಸಿದ್ಧ ಸ್ವಿಚ್ಚಿನತ್ತ ಧಾವಿಸಿದ.

“ಬಂದ್ ಮಾಡ ಹುಲಿಗೀ! ಅದನ್ನ ತಿರುಗಿ ಫ್ಯಾನಿಗೆ ಹಾಕು, ಅವ್ವ ಹೋಗ್ತಾಳ!”

ನಾನು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ.

“ಮುಟ್ಟಬ್ಯಾಡೋ, ಮಗನ,” ಅಂದಳು ದ್ಯಾಮವ್ವ, ನೆಲದ ಮೇಲಿಂದಲೇ. ನನ್ನನ್ನು ಸರಿಸಲು ಹೆಗಲಿಗೆ ಕೈ ಹಾಕಿದ್ದವನು ಕೈ ಹಿಂತೆಗೆದುಕೊಂಡ.

ಬಯಾಸ್ ತುಂಬಿತು. ಪ್ರೊಸೆಸರ್ ಬದಲಿಸಿದೆ. ಪರದೆ ಬೆಳಗಿತು, ಬಾಗಿಲು ಕಿರುಗುಟ್ಟುತ್ತ ಸರಿಯಿತು. ಎಲ್ಲರಿಗಿಂತ ಮೊದಲು ಗವಿಸಿದ್ಧ ತಾಯಿಯನ್ನು ಎತ್ತಿಕೊಂಡು ಹೊರಗೆ ಓಡಿದ. ಹೊರಗೆ ಗಾಳಿ ಧಾರಾಳವಾಗಿ ಬೀಸುತ್ತಿತ್ತು. ಆಕೆಯ ಎದೆಗೆ ಅದು ಇಳಿಯಲಿಲ್ಲ.

ಗವಿಸಿದ್ಧ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ. ಅಂದುಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ.

ಹಿರಿಯರೇ, ಒಂದು ಬೇಡಿಕೆ. ಹಳೆಯ ಬೋರ್ಡನ್ನು ಮೂಲೆಗೆ ಹಾಕುವಾಗ ಅದು ಯಾವ ಪ್ರೊಸೆಸರ್‌ಗೆ ಒಗ್ಗುತ್ತದೆಂದು ಅದರ ಮೇಲೆ ಬರೆದಿಡಿ. ಆಗುವುದಾದರೆ ಹೊಸ ಬಯಾಸ್ ತುಂಬಿಯೇ ಇಡಿ. ನಿಮಗದು ಚಹಾ ಆರುವಷ್ಟು ಹೊತ್ತಿನ ಕೆಲಸ.

ಬಾಗಿಲು ಈಗ ನಡೆಯುತ್ತಿರುವುದು ಅದೇ ಬೋರ್ಡಿನ ಮೇಲೆ. ಅಂಥದ್ದು ನಮ್ಮಲ್ಲಿ ಇನ್ನೊಂದಿಲ್ಲ. ಬಂಡೆ ಕಾಯತೊಡಗಿದೆ. ಗವಿಸಿದ್ಧ ಹಾಸಿಗೆ ಹೊತ್ತು ಕೆಳಗೆ ಇಳಿದಾಯಿತು; ಕೊನೆಯವಳಾಗಿ ಇಳಿದು ಬಾಗಿಲು ಮುಚ್ಚುವುದು ನನ್ನ ಪಾಲಿನ ಕೆಲಸ.

ಹೋಗಿ ಬರುತ್ತೇನೆ.