ಹೆದರಿಕೆಗೆ ಬನ್ನು, ಆಮೇಲೆ ರಕ್ತಪರೀಕ್ಷೆ

ಪಟ್ಟಣದ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿ ಹಂಚುವ ಬನ್ನಿನಿಂದಾಗಿ ನನ್ನ ಅಣ್ಣ ಫಿಲೆಮೊನ್ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಾನೆ. ಅವನ ಬಲಗಾಲಿನ ಹೆಬ್ಬೆರಳಿನ ಗಾಯ ಮೂರು ವಾರವಾದರೂ ಮಾಯುತ್ತಿಲ್ಲ. ಅವನು ಕ್ಷೌರಿಕ, ದಿನವಿಡೀ ನಿಂತೇ ದುಡಿಯುವವನು. ಬನ್ನಿಗೂ ಬೆರಳಿಗೂ ಏನು ಸಂಬಂಧ ಎಂದು ತಾವು ಹುಬ್ಬೇರಿಸುವ ಮೊದಲು ದಯವಿಟ್ಟು ಪೂರ್ತಿ ಓದಿ.

ಹೆದರಿದವರಿಗೆ ಬನ್ನು ತಿನ್ನಿಸುವುದು ನಮ್ಮ ಮೆಕ್ಸಿಕೋದಲ್ಲಿ ಅಜ್ಜಿಯರ ಕಾಲದ ಪದ್ಧತಿ. ಅದಕ್ಕೆ ನನ್ನ ತಕರಾರಿಲ್ಲ. ಭೂಮಿ ನಡುಗಿದ ದಿನ ನಾನೂ ನಡುಬೀದಿಯಲ್ಲಿ ನಿಂತು ಎರಡು ಬೊಲಿಯೊ ಬನ್ನು ತಿಂದವಳೇ. ಆದರೆ ಅದನ್ನು ಸುತ್ತೋಲೆಗೆ ಇಳಿಸಿದ ಪ್ರತಿಭೆ ತಮ್ಮದು: "ಫಲಿತಾಂಶ ಕೇಳಿ ಹೆದರಿದ ರೋಗಿಗೆ ಒಂದು ಬನ್ನು ನೀಡತಕ್ಕದ್ದು. ತದನಂತರ ಖಚಿತತೆಗಾಗಿ ಮರುಪರೀಕ್ಷೆ ನಡೆಸತಕ್ಕದ್ದು." ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಕೂರಿಸುವಾಗ ತಮಗೆ ಏನೂ ಅನ್ನಿಸಲಿಲ್ಲವೇ? ಹೆದರದ ರೋಗಿ ಬಂದರೆ ಏನು ಗತಿ, ಮೊದಲು ಹೆದರಿಸಬೇಕೇ?

ನಾನು ಸಂತೆಯಲ್ಲಿ ಪಲ್ಯಕ್ಕೆ ಬಳಸುವ ಪಾಪಾಸುಕಳ್ಳಿ ಮಾರುವವಳು. ಕಳೆದ ತಿಂಗಳು ಖಾಲಿ ಹೊಟ್ಟೆಯಲ್ಲಿ ನಿಮ್ಮ ದವಾಖಾನೆಗೆ ಹೋದೆ. ರಕ್ತದ ಸಕ್ಕರೆ 112 ಬಂತು. ನನ್ನ ಮುಖ ಬಿಳಿಚಿರಬೇಕು, ನರ್ಸ್ ರೆಮೆಹಿಯಾ ಬನ್ನಿನ ಬುಟ್ಟಿ ತಂದೇಬಿಟ್ಟಳು.

"ತಿನ್ನೇ ತಾಯಿ, ಇಲ್ಲಾಂದ್ರೆ ಹೆದರಿಕೆಗೇ ಸಕ್ಕರೆ ಏರುತ್ತೆ!"

ತಿಂದೆ. ಮುಕ್ಕಾಲು ಗಂಟೆಯ ನಂತರ 178. ಅದನ್ನು ಕೇಳಿ ಮೊದಲಿಗಿಂತ ಜಾಸ್ತಿ ಹೆದರಿದೆ, ಹಾಗಾಗಿ ಇನ್ನೊಂದು ಬನ್ನು. ಈ ಸಲ 219. ಮೂರನ್ನೂ ಅವಳು 'ಖಾಲಿ ಹೊಟ್ಟೆ' ಎಂಬ ಸಾಲಿನಲ್ಲೇ ಬರೆದಳು.

"ಹೊಟ್ಟೆ ತುಂಬಿದೆಯಲ್ಲೇ!" ಎಂದೆ.

"ಇರೋದೇ ಒಂದು ಕಾಲಮ್ಮು, ನಾನೇನ್ ಮಾಡ್ಲಿ? ಬನ್ನಿಗೊಂದು ಸೈನ್ ಹಾಕು."

ಬುಟ್ಟಿ ಖಾಲಿಯಾದದ್ದರಿಂದ ನಾನು ಬದುಕಿದೆ. ಮರುದಿನ ಡಾಕ್ಟರಮ್ಮ ಸರಿಯಾಗಿ ಪರೀಕ್ಷೆ ಮಾಡಿಸಿದರು. ಬೆಳಗಿನದು 114, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 5.9.

"ನೂರರಿಂದ ನೂರಿಪ್ಪತ್ತೈದರ ಒಳಗಿದ್ರೆ ಗಡಿ ಮೇಲಿದೀರಿ ಅಂತ ಅರ್ಥ. ಕಾಯಿಲೆ ಇನ್ನೂ ಒಳಗೆ ಬಂದಿಲ್ಲ. ಕೋಲಾ ಬಿಡಿ, ದಿನಾ ಅರ್ಧ ಗಂಟೆ ನಡೀರಿ, ಸ್ವಲ್ಪ ತೂಕ ಇಳಿಸಿ. ಅದಕ್ಕೂ ಬಗ್ಗದಿದ್ರೆ ಮೆಟ್‌ಫಾರ್ಮಿನ್ ಮಾತ್ರೆ ಬೇಕಾ ನೋಡೋಣ," ಎಂದರು. ಇಷ್ಟು ಹೇಳಲು ಅವರಿಗೆ ಎರಡು ನಿಮಿಷ ಹಿಡಿಯಿತು.

ಇಲ್ಲಿಗೆ ನಿಮ್ಮ ತಪ್ಪು ಮುಗಿದು ನನ್ನದು ಶುರುವಾಗುತ್ತದೆ. ಈ ಕತೆಯನ್ನು ನಾನು ಸಂತೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಅಣ್ಣನ ಅಂಗಡಿಯಲ್ಲಿ ರೆಮೆಹಿಯಾಳ ದನಿ ಅನುಕರಿಸಿಯೂ ತೋರಿಸಿದೆ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ. ಅಂದೇ ಮಾತ್ರೆ ಬಿಟ್ಟ.

ಅವನದು ಖಾಲಿ ಹೊಟ್ಟೆಯಲ್ಲಿ 246, ಮೂರು ತಿಂಗಳ ಸರಾಸರಿ 10.2. ಯಾವುದಕ್ಕೂ ಹೆದರದ ಆಸಾಮಿಯಾದ್ದರಿಂದ ಅವನಿಗೆ ಬನ್ನು ಸಿಕ್ಕಿರಲಿಲ್ಲ, ಹಾಗಾಗಿ ನಿಮ್ಮ ಪುಸ್ತಕದಲ್ಲಿ ನಂಬಬಹುದಾದ ಸಂಖ್ಯೆ ಬಹುಶಃ ಅವನದೊಂದೇ. ಕೈಮುಗಿದು ಹೇಳಿದೆ.

"ಅಣ್ಣಾ, ನಿಂದು ನಿಜವಾದ್ದು ಕಣೋ."

"ಹೋಗೇ, ನೀನೇ ತಾನೇ ಹೇಳಿದ್ದು ಅಲ್ಲಿ ಅಳೆಯೋದು ಬನ್ನು ಅಂತ? ಹಿಂದಿನ ದಿನ ನಾನೂ ನಾಲ್ಕು ತಿಂದಿದ್ದೆ!"

ಆದ್ದರಿಂದ ಮಾನ್ಯರೇ, ಆ ಸುತ್ತೋಲೆಯನ್ನು ಇಂದೇ ಹರಿದು ಹಾಕಿ. ಹೆದರಿದವರಿಗೆ ಒಂದು ಕುರ್ಚಿ ಕೊಡಿ, ಎರಡು ನಿಮಿಷ ಮಾತು ಕೊಡಿ. ಆಮೇಲೆ ಸೋಮವಾರ ತಾವೇ ಅಣ್ಣನ ಅಂಗಡಿಗೆ ಬಂದು ಕ್ಷೌರಕ್ಕೆ ಕೂರಿ. ಗಿರಾಕಿಯ ಮಾತನ್ನು ಅವನು ತೆಗೆದುಹಾಕುವುದಿಲ್ಲ. "ತಪ್ಪಾದದ್ದು ನಿನ್ನ ತಂಗಿಯ ಲೆಕ್ಕ, ನಿನ್ನದಲ್ಲ" ಎಂದು ಹೇಳಿ. ಅವನು ನಗುತ್ತಾನೆ, ನೀವು ನಗಬೇಡಿ. ನಾನು ಹೇಳಿದರೆ ಅವನಿಗೆ ಎಲ್ಲವೂ ತಮಾಷೆಯೇ. ನಿನ್ನೆ ಅವನ ಗಾಯ ತೊಳೆಯಲು ನೀರು ಸುರಿದೆ. ನೀರು ಎಷ್ಟು ಸುಡುತ್ತಿತ್ತೆಂದರೆ ನಾನು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡೆ. ಅಣ್ಣನ ಕಾಲಿಗೆ ಬಿಸಿ ತಾಗಿದ್ದೇ ಗೊತ್ತಾಗಲಿಲ್ಲ, ಅವನು ಕಾಲು ಎತ್ತಲಿಲ್ಲ. ಏನೋ ಜೋಕು ಹೇಳುತ್ತಲೇ ಇದ್ದ.

ಇಂತಿ,
ಊರನ್ನು ನಗಿಸಲು ಹೋಗಿ ಅಣ್ಣನನ್ನು ಕೆಡಿಸಿದ,
ಹೆನೊವೆವಾ
(ಕಳ್ಳಿ ಮಾರುವವಳು, ಸಂತೆಯ ಮೂರನೇ ಸಾಲು)